ಎರಡು ಆಪರೇಷನ್ ಆದ ತಾಯಿಗೆ ಮತ್ತೊಂದು ಹೆರಿಗೆಯೆ?

(ರೈತರ ಸಭೆಯಲ್ಲಿ ಗ್ರಾಮ ಸೇವಕರು ಮಾಡಿದ ಭಾಷಣ)



ಬಿತ್ತನೆ ಬೀಜ, ಗೊಬ್ಬರಗಳ ವಿಚಾರವಾಗಿ ನಾನು ತಮ್ಮೆದುರು ಹಲವು ಸಲ ಮಾತನಾಡಿದ್ದೇನೆ. ಈ ದಿನ ಬೇರೊಂದು ವಿಷಯವನ್ನು ಅರಿಕೆ ಮಾಡಬೇಕಾಗಿದೆ. ನಾನು ವ್ಯವಸಾಯ ಕಲಿತವನೇ ಹೊರತು ವೈದ್ಯನಲ್ಲ. ಆದರೆ ಹಳ್ಳಿಯಲ್ಲಿ ಓಡಾಡುವವನ ಕಿವಿಗೆ ಮನೆಯೊಳಗಿನ ಚಿಂತೆಗಳೂ ಬೀಳುತ್ತವೆ. ಡಾಕ್ಟರರಿಂದ ಕೇಳಿ ತಿಳಿದುದನ್ನು ತಮ್ಮ ಮುಂದಿಡುತ್ತೇನೆ.

ನಮ್ಮ ಹಳ್ಳಿಗಳ ರೈತನೊಬ್ಬನ ಮಡದಿಗೆ ಎರಡು ಹೆರಿಗೆಗಳೂ ಸಿಸೇರಿಯನ್ ಆಪರೇಷನ್ನಿನಿಂದಲೇ ಆದವು. ಎರಡನೆಯ ಸಲ ರಕ್ತ ಬಹಳ ಹೋಗಿ, ಬೇರೆಯವರ ರಕ್ತ ಕೊಟ್ಟು ಉಳಿಸಿದರು. ಇಬ್ಬರೂ ಹೆಣ್ಣು ಮಕ್ಕಳು, ಆರೋಗ್ಯವಾಗಿದ್ದಾರೆ. ಈಗ ಮನೆಯ ಹಿರಿಯರು "ಮೂರನೆಯದು ಗಂಡಾದೀತು, ನೋಡೋಣ" ಎನ್ನುತ್ತಾರೆ. ಆಕೆ ಬಾಯಿ ಬಿಡುವುದಿಲ್ಲ. ಗಂಡ ಬಂದು "ಏನು ಮಾಡೋಣ?" ಎಂದು ಕೇಳಿದ. ಇದು ಅವನೊಬ್ಬನ ಪ್ರಶ್ನೆಯಲ್ಲ. ಅನೇಕ ಮನೆಗಳಲ್ಲಿ ಇದೇ ಪ್ರಶ್ನೆ ಉಂಟು.

ಮೊದಲು ಮಾಡಬೇಕಾದ ಕೆಲಸ ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಹುಡುಕುವುದು. ಅದು ಅವರ ಪೆಟ್ಟಿಗೆಯಲ್ಲಿ, ಕಂದಾಯದ ರಸೀತಿಗಳ ಅಡಿಯಲ್ಲಿತ್ತು. ಅದರಲ್ಲಿ ಗರ್ಭಕೋಶವು ಮೂತ್ರಕೋಶಕ್ಕೂ ಹೊಟ್ಟೆಯ ಗೋಡೆಗೂ ಅಂಟಿಕೊಂಡಿದೆಯೆಂದು ಬರೆದಿತ್ತು. ಮನೆಯವರಲ್ಲಿ ಯಾರೂ ಅದನ್ನು ಓದಿಸಿರಲಿಲ್ಲ.

ಅಂಟಿಕೊಳ್ಳುವುದೆಂದರೇನು? ಹೊಟ್ಟೆಯೊಳಗಿನ ಅಂಗಗಳ ಮೇಲೆ ನುಣುಪಾದ ತೆಳು ಪೊರೆಯಿದೆ. ಆದುದರಿಂದಲೇ ಅವು ಒಂದರ ಮೇಲೊಂದು ಜಾರಾಡುತ್ತವೆ. ಆಪರೇಷನ್ನಿನಲ್ಲಿ ಪೊರೆಗೆ ಗಾಯವಾಗಿ ಮಾಯುವಾಗ, ನಾರಿನಂಥ ಎಳೆಗಳು ಬೆಳೆದು ಅಂಗಗಳನ್ನು ಒಂದಕ್ಕೊಂದು ಕಟ್ಟಿಹಾಕಬಹುದು. ಕೀವಾಗಿದ್ದರೆ ಇದು ಹೆಚ್ಚು. ಆಪರೇಷನ್ನುಗಳ ಸಂಖ್ಯೆ ಏರಿದಂತೆಲ್ಲ ಇದೂ ಏರುತ್ತದೆ. ಎಷ್ಟೋ ಮಂದಿಗೆ ನೋವೇ ಇರುವುದಿಲ್ಲ. ಹೊರಗಿನ ಕಲೆ ನೋಡಿ ಒಳಗಿನ ಸ್ಥಿತಿ ಹೇಳಲಾಗದು. ಮುಂದಿನ ಆಪರೇಷನ್ನಿನಲ್ಲಿ ಆ ಎಳೆಗಳನ್ನು ಬಿಡಿಸಿಕೊಂಡೇ ಮಗುವನ್ನು ತೆಗೆಯಬೇಕು. ಹೊತ್ತು ಹೆಚ್ಚು ಹಿಡಿಯುತ್ತದೆ, ರಕ್ತ ಹೆಚ್ಚು ಹೋಗುತ್ತದೆ, ಮೂತ್ರಕೋಶಕ್ಕೋ ಕರುಳಿಗೋ ಪೆಟ್ಟು ಬೀಳುವ ಭಯವಿದೆ.

ಎರಡನೆಯ ಅಪಾಯ ಗರ್ಭಕೋಶದ ಮೇಲಿನ ಕಲೆಯದು. ಒಡೆದು ದುರಸ್ತಿಯಾದ ಕೆರೆಯ ಏರಿಯಲ್ಲಿ ಮಳೆಗಾಲ ಬಂದರೆ ನಮ್ಮ ಕಣ್ಣು ಎಲ್ಲಿರುತ್ತದೆ? ದುರಸ್ತಿಯಾದ ಜಾಗದ ಮೇಲೆಯೇ. ಹಾಗೆಯೇ ಗರ್ಭಕೋಶದ ಕಲೆಯೂ ಹಿಗ್ಗಿದಾಗ ಬಿಡಬಹುದು. ಕೆಳಭಾಗದಲ್ಲಿ ಅಡ್ಡವಾಗಿ ಕೊಯ್ದಿದ್ದರೆ ಈ ಭಯ ಕಡಿಮೆ. ಮೇಲಿನ ಭಾಗದಲ್ಲಿ ಉದ್ದವಾಗಿ ಕೊಯ್ದಿದ್ದರೆ ಬಹಳ ಹೆಚ್ಚು. ಇದೂ ಆ ಕಾಗದದಿಂದಲೇ ತಿಳಿಯತಕ್ಕದ್ದು.

ಮೂರನೆಯದು ಮಾಸಿನ ವಿಚಾರ. ಕೆಲವರಲ್ಲಿ ಮಾಸು ಕೆಳಗೆ, ಹಳೆಯ ಕಲೆಯ ಮೇಲೆಯೇ ಕುಳಿತು ಬೇರು ಬಿಟ್ಟಂತೆ ಒಳಗೆ ಇಳಿಯುತ್ತದೆ. ಹೆರಿಗೆಯಾದ ಮೇಲೆ ಅದು ಕಳಚುವುದಿಲ್ಲ, ರಕ್ತ ನಿಲ್ಲುವುದಿಲ್ಲ, ಹಲವು ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಅಮೆರಿಕದಲ್ಲಿ 30,000ಕ್ಕೂ ಮಿಕ್ಕಿದ ತಾಯಂದಿರ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಅದರಂತೆ, ಮಾಸು ಕೆಳಗೆ ಕುಳಿತವರ ಪೈಕಿ ಹಿಂದೆ ಒಂದು ಸಿಸೇರಿಯನ್ ಆಗಿದ್ದವರಲ್ಲಿ 100ಕ್ಕೆ ಸುಮಾರು 11 ಮಂದಿಗೂ, ಎರಡು ಆಗಿದ್ದವರಲ್ಲಿ ಸುಮಾರು 40 ಮಂದಿಗೂ ಹೀಗಾಗಿತ್ತು. ಮಾಸು ಕೆಳಗೆ ಕೂರುವುದು ಎಲ್ಲರಿಗೂ ಆಗುವುದಿಲ್ಲ. ಆದರೆ ಆದಾಗ ಕಷ್ಟ ದೊಡ್ಡದು.

ಹಾಗಾದರೆ ಮತ್ತೊಂದು ಮಗು ಬೇಡವೇ? ಬೇಕೆನ್ನುವುದು ತಪ್ಪಲ್ಲ. ಇಂಥ ಆಪರೇಷನ್ ಆದ ಎಷ್ಟೋ ತಾಯಂದಿರು ಮತ್ತೆ ಹೆತ್ತು ಸುಖವಾಗಿದ್ದಾರೆ. ಆದರೆ ಬಸಿರಾಗುವ ಮೊದಲೇ ಗಂಡ ಹೆಂಡಿರು ಕಾಗದ ಹಿಡಿದು ಡಾಕ್ಟರರನ್ನು ಕಾಣಬೇಕು. ಹೆರಿಗೆಯಾದ ಮೇಲೆ 24 ತಿಂಗಳಾದರೂ ಕಳೆದು ಮುಂದಿನ ಬಸಿರಾಗುವುದು ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿದ್ದಾರೆ. ರಕ್ತಹೀನತೆ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಮುಟ್ಟು ನಿಂತ ಕೂಡಲೇ ಸ್ಕ್ಯಾನ್ ಮಾಡಿಸಿ ಗರ್ಭವು ಕಲೆಯಲ್ಲಿ ಕುಳಿತಿಲ್ಲವೆಂದು ನೋಡಿಸಬೇಕು. ಐದನೆಯ ತಿಂಗಳಲ್ಲಿ ಮಾಸಿನ ಜಾಗ ನೋಡಿಸಬೇಕು. ಹೆರಿಗೆಯು ರಕ್ತನಿಧಿಯೂ ತಜ್ಞರೂ ಇರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ರಕ್ತ ಕಂಡರೆ, ಕಲೆಯಲ್ಲಿ ನೋವು ಬಂದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್, ಔಷಧಿ, ರಕ್ತಗಳಿಗೆ ಹಣ ಕೊಡಬೇಕಾಗಿಲ್ಲವೆಂದು 2011ರಲ್ಲಿಯೇ ಏರ್ಪಾಟಾಗಿದೆ.

ಇನ್ನು ಗಂಡು ಮಗುವಿನ ಮಾತು. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜದಿಂದ ನಿಶ್ಚಯವಾಗುತ್ತದೆ. ತಾಯಿಯನ್ನು ದೂರುವುದು ಸಲ್ಲದು. ಗರ್ಭದಲ್ಲಿರುವುದು ಯಾವುದೆಂದು ಸ್ಕ್ಯಾನಿನಲ್ಲಿ ಕೇಳುವುದೂ ಹೇಳುವುದೂ 1994ರ ಕಾನೂನಿನಂತೆ ಅಪರಾಧ. ಜಮೀನಿಗೆ ವಾರಸುದಾರರಿಲ್ಲವೆಂಬ ಕೊರಗೂ ಬೇಡ. ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಇರುವ ಇಬ್ಬರು ಹೆಣ್ಣು ಮಕ್ಕಳಿಗೆ ತಾಯಿ ಇಲ್ಲದಂತಾದರೆ, ಹುಟ್ಟಿದ ಗಂಡು ಮಗು ಆ ನಷ್ಟವನ್ನು ತುಂಬಿಕೊಡುವುದೆ? ಹಿರಿಯರು ಇದನ್ನು ಯೋಚಿಸಬೇಕು.

ಇನ್ನು ಸಾಕು ಎಂದು ನಿಶ್ಚಯಿಸಿದವರಿಗೆ ಒಂದು ಮಾತು. ಇದನ್ನು ಗಂಡಸರು ಗಮನವಿಟ್ಟು ಕೇಳಬೇಕು. ಸಾಮಾನ್ಯವಾಗಿ ನಾವು "ಅವಳಿಗೇ ಆಪರೇಷನ್ ಮಾಡಿಸೋಣ" ಎನ್ನುತ್ತೇವೆ. ಒಳಗೆಲ್ಲ ಅಂಟಿಕೊಂಡ ಹೊಟ್ಟೆಯನ್ನು ಮತ್ತೊಮ್ಮೆ ತೆರೆಯುವುದು ಸುಲಭವಲ್ಲ, ಅಪಾಯವೂ ಇದೆ. ಗಂಡಸಿನ ಆಪರೇಷನ್ನಿಗಾದರೋ ಕೊಯ್ಯುವುದೂ ಇಲ್ಲ, ಹೊಲಿಗೆಯೂ ಇಲ್ಲ. ಕೆಲವು ನಿಮಿಷಗಳಲ್ಲಿ ಮುಗಿದು ಅದೇ ದಿನ ಮನೆಗೆ ಬರಬಹುದು. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರದ ಕೆಲಸ ಬೇಡ. ಆಮೇಲೆ ನೇಗಿಲು ಹಿಡಿಯುವ ಶಕ್ತಿಯೂ ಕುಂದದು, ಗಂಡಸುತನವೂ ಕುಂದದು. ಮೂರು ತಿಂಗಳು ಮಾತ್ರ ಬೇರೆ ಎಚ್ಚರಿಕೆ ವಹಿಸಿ, ನಂತರ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ತೀರ್ಮಾನಕ್ಕೆ ಇನ್ನೂ ಕಾಲಾವಕಾಶ ಬೇಕೆನ್ನುವವರು ವಂಕಿ, ಅಂತರಾ ಚುಚ್ಚುಮದ್ದು, ನಿರೋಧ್‌ಗಳ ವಿಚಾರವನ್ನು ಆಶಾ ಕಾರ್ಯಕರ್ತೆಯರಲ್ಲಿ ಕೇಳಬಹುದು.

ನಾನು ಹೇಳಿದ ಆ ದಂಪತಿಗಳು ಕಾಗದ ತೆಗೆದುಕೊಂಡು ಲೇಡಿ ಡಾಕ್ಟರರ ಬಳಿಗೆ ಹೋದರು. ಅಲ್ಲಿ ಡಾಕ್ಟರರು ಮೊದಲು ಆಕೆಯನ್ನೇ "ನಿನಗೇನು ಬೇಕಮ್ಮ?" ಎಂದು ಕೇಳಿದರಂತೆ. ಅವರ ತೀರ್ಮಾನ ಅವರ ಮನೆಯ ವಿಷಯ. ಅದನ್ನು ಸಭೆಯಲ್ಲಿ ಹೇಳುವುದು ಸರಿಯಲ್ಲ. ಆದರೆ ಆ ಪ್ರಶ್ನೆಯನ್ನು ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲಿ ಕೇಳಬಹುದಾಗಿದೆ. ನೋವನ್ನೂ ಅಪಾಯವನ್ನೂ ಹೊರುವವಳು ಆಕೆ; ಮೊದಲ ಮಾತೂ ಆಕೆಯದಾಗಬೇಕು.

ಈ ರಾತ್ರಿಯೇ ಪೆಟ್ಟಿಗೆ ತೆರೆದು ಆಸ್ಪತ್ರೆಯ ಕಾಗದವನ್ನು ಹುಡುಕಿ, ಪಹಣಿಯಷ್ಟೇ ಜೋಪಾನವಾಗಿ ಇಡಿರೆಂದು ಬೇಡಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.