ಗ್ಯಾರೇಜಿನಲ್ಲಿ ಹುಟ್ಟಿದ ಕಂಪನಿ
(ಬಿ.ಟಿ.ಎಂ. ಬಡಾವಣೆಯ ಕಲಿಕಾ ಕೇಂದ್ರದಲ್ಲಿ ಮಾಡಿದ ಮಾತು)

ಇಲ್ಲಿಂದ ಮಡಿವಾಳ ದಾಟಿದರೆ ಕೋರಮಂಗಲ. ನಿಮ್ಮಲ್ಲಿ ಕೆಲವರು ಅಲ್ಲಿಗೆ ದಿನಾ ಕೆಲಸಕ್ಕೆ ಹೋಗ್ತೀರಿ. 1978ರಲ್ಲಿ ಅಲ್ಲೊಂದು ಬಾಡಿಗೆ ಮನೆ. ಅದರ ಕಾರು ನಿಲ್ಲಿಸೋ ಗ್ಯಾರೇಜಿನಲ್ಲಿ ಒಬ್ಬ ಹೆಣ್ಣುಮಗಳು ಒಂದು ಕಂಪನಿ ಶುರು ಮಾಡಿದಳು. ಕೈಯಲ್ಲಿದ್ದ ಬಂಡವಾಳ 10,000 ರೂಪಾಯಿ. ವಯಸ್ಸು 25. ಅವರೇ ಕಿರಣ್ ಮಜುಂದಾರ್. ಕಂಪನಿಯ ಹೆಸರು ಬಯೋಕಾನ್.

ಕಿರಣ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1953ರಲ್ಲಿ. ತಂದೆ ಬಿಯರ್ ತಯಾರಿಸುವ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಮಗಳೂ ಆ ವಿದ್ಯೆ ಕಲಿಯಲು ಆಸ್ಟ್ರೇಲಿಯಾಕ್ಕೆ ಹೋದಳು. ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ.

ಬಿಯರ್ ಅಂದ ಕೂಡಲೇ ಮುಖ ತಿರುಗಿಸಬೇಡಿ. ಅದು ಹುದುಗು ಬರಿಸುವ ವಿದ್ಯೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬುತ್ತಲ್ಲ, ಅದೂ ಹುದುಗೇ.

ಕಲಿತು ಊರಿಗೆ ಬಂದರು. ಕೆಲಸ ಸಿಗಲಿಲ್ಲ. "ಇದು ಗಂಡಸರ ಕೆಲ್ಸ" ಅಂದರು. ಆಗ ಐರ್ಲೆಂಡ್ ದೇಶದ ಒಂದು ಕಂಪನಿ ಪಾಲುದಾರನಾಗಿ ಜೊತೆಗೆ ಬಂತು. ಕಿರಣ್ ಸ್ವಂತ ಉದ್ಯಮಕ್ಕೆ ಕೈ ಹಾಕಿದರು.

ಮೊದಲು ಏನು ತಯಾರಿಸಿದರು ಗೊತ್ತೇ? ಪರಂಗಿಕಾಯಿಯ ಹಾಲಿನಿಂದ ಒಂದು ಪುಡಿ. ಮೀನಿನಿಂದ ಇನ್ನೊಂದು ವಸ್ತು. ಎರಡೂ ಬಿಯರನ್ನು ತಿಳಿಯಾಗಿಸಲು ಬೇಕು. ನಾವು ದಿನಾ ನೋಡುವ ಪರಂಗಿ ಮರದಲ್ಲೇ ಅವರು ವ್ಯಾಪಾರ ಕಂಡರು. ಒಂದು ವರ್ಷದೊಳಗೆ ಅವರ ಸರಕು ಅಮೆರಿಕಕ್ಕೆ ಹೋಯಿತು.

ದಾರಿ ಸುಲಭವಿರಲಿಲ್ಲ. ಬ್ಯಾಂಕಿನವರು ಸಾಲ ಕೊಡಲು ಹಿಂದೆಮುಂದೆ ನೋಡಿದರು. ಹೆಂಗಸಿನ ಕೈಕೆಳಗೆ ದುಡಿಯಲು ಜನ ಹಿಂಜರಿದರು. ಕಿರಣ್ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ತಟ್ಟಿದರು. ಅದೇ ಹುದುಗಿನ ವಿದ್ಯೆಯಿಂದ ಮುಂದೆ ಅವರ ಕಂಪನಿ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ತಯಾರಿಸಿತು. 2004ರಲ್ಲಿ ಅದು ಮಾರುಕಟ್ಟೆಗೆ ಬಂತು. ಹೊಸೂರು ರಸ್ತೆಯಲ್ಲಿ ಇಂದು ಅವರ ದೊಡ್ಡ ಕಾರ್ಖಾನೆ ಇದೆ.

"ಅವರು ಓದಿದವರು, ಅನುಕೂಲಸ್ಥರು. ನಮ್ಮ ಕೈಲಿ ಆಗುತ್ತಾ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಹಾಗಾದರೆ ಇದನ್ನೂ ಕೇಳಿ. 1959ರಲ್ಲಿ ಮುಂಬಯಿಯಲ್ಲಿ 7 ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ಮನೆಯ ಮಹಡಿಯ ಮೇಲೆ ಹಪ್ಪಳ ಲಟ್ಟಿಸಿದರು. ಅದೇ ಇಂದಿನ ಲಿಜ್ಜತ್ ಹಪ್ಪಳ. ಸಾವಿರಾರು ಹೆಂಗಸರಿಗೆ ಅದರಿಂದ ಅನ್ನ.

ಈಗ ನನ್ನ ನಾಲ್ಕು ಮಾತು. ಹುಡುಗಿಯರು ಚೆನ್ನಾಗಿ ಕೇಳಿ.

ಒಂದು, ನಿಮಗೆ ಬರುವ ಕೆಲಸದಿಂದಲೇ ಶುರು ಮಾಡಿ. ಹೊಲಿಗೆಯೋ, ಹಪ್ಪಳವೋ, ಹೂವೋ ಆಗಲಿ.

ಎರಡು, ಲೆಕ್ಕ ಬರೆಯಿರಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಬ್ಬಳು ಹೂ ಮಾರುತ್ತಾಳೆ ಅನ್ನಿ. 500 ರೂಪಾಯಿಗೆ ತಂದಳು, 750ಕ್ಕೆ ಮಾರಿದಳು. 250 ಲಾಭ ಅಂದುಕೊಂಡಳು. ಆಟೋಗೆ 80, ದಾರ ಮತ್ತು ಬಾಳೆಎಲೆಗೆ 20 ಹೋಯಿತು. ಉಳಿದದ್ದು 150. ಬರೆದಾಗಲೇ ನಿಜ ಗೊತ್ತಾಗುವುದು.

ಮೂರು, ಓದದೆ ರುಜು ಹಾಕಬೇಡಿ. ಗಂಡ ತಂದರೂ, ಅಣ್ಣ ತಂದರೂ ಮೊದಲು ಓದಿ. ಅರ್ಥವಾಗದಿದ್ದರೆ "ನಾಳೆ ಹಾಕ್ತೀನಿ" ಅನ್ನಿ. ಬ್ಯಾಂಕ್ ಖಾತೆ ನಿಮ್ಮ ಹೆಸರಲ್ಲೇ ಇರಲಿ.

ನಾಲ್ಕು, ಸಾಲಕ್ಕೆ ಮೀಟರ್ ಬಡ್ಡಿಯವರ ಹತ್ತಿರ ಹೋಗಬೇಡಿ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ 'ಉದ್ಯೋಗಿನಿ' ಯೋಜನೆ ಇದೆ. ಬ್ಯಾಂಕಿನ ಸಾಲದ ಜೊತೆ ಸಹಾಯಧನವೂ ಉಂಟು. ಅಂಗನವಾಡಿ ಟೀಚರನ್ನು ವಿಚಾರಿಸಿ.

ಹೋದ ವರ್ಷ ಇಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಕೈಗಳು ಇಂದು ಹೆಸರು ಬರೆಯುತ್ತಿವೆ. ಅದೇ ಕೈ ನಾಳೆ ಲೆಕ್ಕ ಬರೆಯಲಿ. ಇವತ್ತು ಮನೆಗೆ ಹೋಗಿ ಒಂದು ನೋಟ್‌ಬುಕ್ ತೆಗೆಯಿರಿ. ಇಂದಿನ ಖರ್ಚು ಬರೆಯಿರಿ. ಅಲ್ಲಿಂದಲೇ ಶುರು.