ಎಕ್ಸೆಲ್ ಆಟೋಮೇಷನ್‌ಗೆ ಯಾವ ಲ್ಯಾಂಗ್ವೇಜ್?

ನನಗೆ ಪದೇ ಪದೇ ಬರೋ ಪ್ರಶ್ನೆ ಇದು: "ಎಕ್ಸೆಲ್ ಕೆಲಸ ಆಟೋಮೇಟ್ ಮಾಡ್ಬೇಕು. ಪೈಥಾನ್ ಕಲೀಲಾ, ವಿಬಿಎ ಕಲೀಲಾ?"

ಉತ್ತರಕ್ಕೆ ಮುಂಚೆ ನಾನು ಮಾಡಿದ ಒಂದು ತಪ್ಪು ಹೇಳ್ತೀನಿ. ಪುಣೆಗೆ ಬಂದ ಹೊಸದರಲ್ಲಿ, ಆಫೀಸಿನ ಅಕೌಂಟ್ಸ್ ಮೇಡಂ ಪ್ರತಿ ತಿಂಗಳು ಎರಡು ದಿನ ಕೂತು ಪೇಮೆಂಟ್ ಶೀಟುಗಳನ್ನ ಸೇರಿಸ್ತಿದ್ರು. ನಾನು ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟೆ. ಎರಡೇ ನಿಮಿಷದಲ್ಲಿ ಮುಗೀತಿತ್ತು. ಎಲ್ಲರೂ ಹೊಗಳಿದ್ರು. ಆದರೆ ಅದು ಓಡ್ತಿದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ.

ದೀಪಾವಳಿಗೆ ನಾನು ಊರಿಗೆ ಹೋದೆ. ಮೇಡಂ ರಾತ್ರಿವರೆಗೂ ಕೂತು ಕೈಯಲ್ಲೇ ಮಾಡಿದ್ರು. ಅವಸರದಲ್ಲಿ ಸಿಎಸ್‌ವಿ ಫೈಲನ್ನ ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ರು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಸರಿಯಾಗಿ ಇಟ್ಟುಕೊಳ್ಳುತ್ತೆ. 16 ಅಂಕಿಯ ಅಕೌಂಟ್ ನಂಬರುಗಳ ಕೊನೇ ಅಂಕಿ ಸೊನ್ನೆ ಆಗಿಹೋಯ್ತು. ಪೇಮೆಂಟುಗಳು ವಾಪಸ್ ಬಂದವು. ಬೈಸಿಕೊಂಡಿದ್ದು ಅವರು, ತಪ್ಪು ನನ್ನದು.

ಹಾಗಾಗಿ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಫೈಲ್ ಎಲ್ಲಿದೆ? ನೀವು ರಜೆಯಲ್ಲಿದ್ದಾಗ ಅದನ್ನ ಯಾರು ಓಡಿಸ್ತಾರೆ?

ಫೈಲ್ ಅವರ ಎಕ್ಸೆಲ್‌ನಲ್ಲೇ ಇದ್ದರೆ ವಿಬಿಎ ಸಾಕು. 1993ರಿಂದ ಎಕ್ಸೆಲ್ ಒಳಗೇ ಇದೆ, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ಬಟನ್ ಇಟ್ಟುಕೊಟ್ಟರೆ ಯಾರು ಬೇಕಾದ್ರೂ ಒತ್ತಬಹುದು. ಆದರೆ ಮ್ಯಾಕ್ರೋ ಬದಲಿಸಿದ್ದನ್ನ ಅನ್‌ಡೂ ಮಾಡಕ್ಕಾಗಲ್ಲ, ಕಾಪಿ ಇಟ್ಟುಕೊಂಡೇ ಓಡಿಸಿ. ಇನ್ನೊಂದು, 2022ರಿಂದ ಇಂಟರ್ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನ ಮೈಕ್ರೋಸಾಫ್ಟ್ ತಾನಾಗೇ ತಡೆಯುತ್ತೆ.

ಗೂಗಲ್ ಶೀಟ್ಸ್ ಆದ್ರೆ ಆಪ್ಸ್ ಸ್ಕ್ರಿಪ್ಟ್. ಬರೆಯೋದು ಜಾವಾಸ್ಕ್ರಿಪ್ಟ್‌ನಲ್ಲಿ, ಓಡೋದು ಗೂಗಲ್ ಸರ್ವರ್‌ನಲ್ಲಿ. ದಿನಾ ಬೆಳಗ್ಗೆ ತಾನಾಗೇ ಓಡೋ ಹಾಗೆ ಟ್ರಿಗರ್ ಹಾಕಬಹುದು. ಆದರೆ ಒಂದು ಸಲಕ್ಕೆ 6 ನಿಮಿಷದ ಮಿತಿ ಇದೆ.

ನೂರಾರು ಫೈಲ್, ಡೇಟಾಬೇಸ್, ಇಲ್ಲಾ ಶೀಟಿನ 10,48,576 ಸಾಲಿಗೂ ಹೆಚ್ಚು ಡೇಟಾ ಇದ್ದರೆ ಪೈಥಾನೇ ಸರಿ. ಅಲ್ಲೂ ಅಕೌಂಟ್ ನಂಬರ್, ಎಂಪ್ಲಾಯೀ ಕೋಡ್‌ಗಳನ್ನ ಟೆಕ್ಸ್ಟ್ ಅಂತಲೇ ಓದಿಸಿ. ಇಲ್ಲಾಂದ್ರೆ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ. ಓಪನ್‌ಪೈಎಕ್ಸೆಲ್ ಫಾರ್ಮುಲಾ ಬರೆಯುತ್ತೆ, ಲೆಕ್ಕ ಹಾಕಲ್ಲ ಅನ್ನೋದೂ ನೆನಪಿರಲಿ.

ಕೊನೆಗೆ ನಾನು ಎಲ್ಲಾ ವಿಬಿಎನಲ್ಲಿ ಮತ್ತೆ ಬರೆದೆ. ಹಳೇದಕ್ಕಿಂತ ನಿಧಾನ, ಕೋಡೂ ಅಷ್ಟು ಚೆಂದ ಇಲ್ಲ. ಆದರೆ ಮುಂದಿನ ದೀಪಾವಳಿಗೆ ಮೇಡಂ ತಾವೇ ಬಟನ್ ಒತ್ತಿ, ಆರು ಗಂಟೆಗೆ ಮನೆಗೆ ಹೋದ್ರು.