ಹಳೆಯ ಕಾರಿನ ಪಟ್ಟಿಗೆ ಯಾವ ಸ್ಕ್ರೂ?

(ದಿವಾದಲ್ಲಿ ಸೇರಿದ ನಮ್ಮ ಕೆಲಸಗಾರರ ಮುಂದೆ ಮಾಡಿದ ಭಾಷಣ)



ಹೋಟೆಲು, ಗಿರಣಿಯವರ ಕೂಟದಲ್ಲಿ ಕಾರಿನ ಸ್ಕ್ರೂವಿನ ಮಾತೇಕೆ ಎಂದು ಕೆಲವರು ಕೇಳಿದ್ದಾರೆ. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ನಮ್ಮವರ ಮಕ್ಕಳು ಎಷ್ಟೋ ಮಂದಿ ಗ್ಯಾರೇಜು ಸೇರಿದರು. ದಿವಾದಿಂದ ಬೆಳಗಿನ ಲೋಕಲಿನಲ್ಲಿ ಜೋತುಬಿದ್ದು ಕುರ್ಲಾಕ್ಕೆ ಹೋಗುವವರಲ್ಲಿ ಅವರೂ ಇದ್ದಾರೆ. ಅವರ ಪಗಾರದ ಪ್ರಶ್ನೆ ನಮ್ಮದೇ ಪ್ರಶ್ನೆ.

ಅದೇ ಕುರ್ಲಾದ ಪ್ರೀಮಿಯರ್ ಕಾರಖಾನೆಯಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ತಯಾರಾಯಿತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಾಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2003ರಲ್ಲಿ ನೋಂದಣಿಯಾಗಿ, ಇಪ್ಪತ್ತು ವರ್ಷದ ಮಿತಿ ತುಂಬಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಈಗ ಉಳಿದಿರುವುದು ಶೋಕಿಯವರು ಸಾಕಿಕೊಂಡ ಖಾಸಗಿ ಗಾಡಿಗಳು. ಅವರು ಬಣ್ಣಕ್ಕೆ ಧಾರಾಳವಾಗಿ ಖರ್ಚು ಮಾಡುತ್ತಾರೆ, ಸ್ಕ್ರೂವಿಗೆ ಮಾತ್ರ ಚೌಕಾಶಿ!

ಬದಿಯ ಹೊಳೆಯುವ ಪಟ್ಟಿಯನ್ನು ಕೂರಿಸುವ ಮೊದಲು ಅದು ಯಾವ ಲೋಹವೆಂದು ನೋಡಬೇಕು. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಬಹುಶಃ ಕಬ್ಬಿಣದ ಮೇಲೆ ಕ್ರೋಮ್ ಲೇಪ. ಹಿಡಿಯದೆ, ಕೈಗೆ ಹಗುರವಾಗಿದ್ದರೆ ಅಲ್ಯುಮಿನಿಯಂ. ಹಿಡಿಯದೆ ಭಾರವಾಗಿದ್ದರೆ ಬಹುಶಃ ಸ್ಟೇನ್‌ಲೆಸ್ ಸ್ಟೀಲು. ಎರಡು ಬೇರೆ ಲೋಹಗಳು ತಾಗಿ, ನಡುವೆ ಉಪ್ಪು ನೀರು ನಿಂತಿತೆಂದರೆ ಅವುಗಳಲ್ಲಿ ದುರ್ಬಲವಾದುದು ಕರಗುತ್ತದೆ. ಉಪ್ಪಿನಕಾಯಿ ಭರಣಿಗೆ ತಗಡಿನ ಮುಚ್ಚಳ ಹಾಕಿದರೆ ಏನಾಗುವುದೆಂದು ಹೋಟೆಲಿನವರಿಗೆ ಹೇಳಬೇಕಾಗಿಲ್ಲ. ಮುಂಬಯಿಯ ಗಾಳಿಯೇ ಉಪ್ಪಿನಕಾಯಿ, ಅದರ ಮೇಲೆ ನಾಲ್ಕು ತಿಂಗಳ ಮಳೆ.

ಇಲ್ಲಿ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಸ್ಟೇನ್‌ಲೆಸ್ ಪಟ್ಟಿಗೆ ಚಿಕ್ಕ ಕಬ್ಬಿಣದ ಸ್ಕ್ರೂ ಹಾಕಿದರೆ ಕೇಡೆಲ್ಲ ಆ ಚಿಕ್ಕದರ ಮೇಲೆ ಬೀಳುತ್ತದೆ. ಸತುವಿನ ಲೇಪ ಮೊದಲು ಹೋಗಿ ಆಮೇಲೆ ತಲೆಯೇ ಉದುರುತ್ತದೆ. ಅಲ್ಯುಮಿನಿಯಂ ಪಟ್ಟಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಅಷ್ಟು ಬೇಗ ಕೆಡದು. ಆದರೂ ಸುತ್ತ ಬಿಳಿಯ ಪುಡಿ ಕಾಣಿಸಿಕೊಳ್ಳುತ್ತದೆ. ನಡುವೆ ನೈಲಾನ್ ವಾಷರ್ ಇಟ್ಟರೆ ಲೋಹ ಲೋಹಕ್ಕೆ ತಾಗುವುದಿಲ್ಲ. ಪಟ್ಟಿಯ ಬೆನ್ನಿಗೆ ಕೂರುವ ನೈಲಾನ್ ಕ್ಲಿಪ್ಪೂ ಇದೇ ಕಾರಣಕ್ಕೆ ಒಳ್ಳೆಯದು. ಆದರೆ ಬಿಸಿಲಿಗೆ ಒಣಗಿ ಮುರಿಯುವ ವಸ್ತು ಅದು. ಒಮ್ಮೆ ಕಿತ್ತ ಕ್ಲಿಪ್ಪನ್ನು ಮತ್ತೆ ಹಾಕಬಾರದು.

ತಗಡಿನ ಸ್ಕ್ರೂ ವಿಷಯದಲ್ಲಿ ನಮ್ಮ ಹುಡುಗರು ಒಂದು ಮಾತು ನೆನಪಿಡಬೇಕು. ಕಾರಿನ ಮೈ ತಗಡು ಒಂದು ಮಿಲ್ಲಿಮೀಟರಿನ ಆಸುಪಾಸು, ಅದರಲ್ಲಿ ಹಲ್ಲು ಹಿಡಿಯುವುದೇ ಒಂದೆರಡು ಸುತ್ತು. ಎರಡು ಬಾರಿ ಬಿಚ್ಚಿ ಹಾಕಿದರೆ ತೂತು ಸಡಿಲ. ಆಗ ದಪ್ಪ ಸ್ಕ್ರೂ ತುರುಕುತ್ತಾರೆ, ಮುಂದಿನ ಬಾರಿ ಇನ್ನೂ ದಪ್ಪ. ಇದಕ್ಕೆ ಕೊನೆಯೆಲ್ಲಿ? ಹಿಂದಿನಿಂದ ಕೈ ಹೋಗುವ ಕಡೆ ಕ್ಲಿಪ್ಪಿನ ಬೋಲ್ಟಿಗೆ ನಟ್ಟು ಹಾಕುವುದೇ ಲೇಸು. ಬಾಗಿಲಿನಲ್ಲಂತೂ ಉದ್ದ ಸ್ಕ್ರೂ ಬೇಡವೇ ಬೇಡ. ಒಳಗೆ ಗಾಜು ಇಳಿಯುತ್ತದೆ. ರಿವೆಟ್ ಹೊಡೆದರೆ ಮುಂದಿನ ಬಣ್ಣದ ಕೆಲಸಕ್ಕೆ ಕೊರೆದೇ ತೆಗೆಯಬೇಕಾಗುತ್ತದೆ. ಫಿಯೆಟ್ ಇಟಲಿಯ ಗಾಡಿಯಾದ್ದರಿಂದ ನಟ್ಟು ಬೋಲ್ಟು ಮಿಲ್ಲಿಮೀಟರ್ ಲೆಕ್ಕದ್ದು. ಹಳೆಯ ಬ್ರಿಟಿಷ್ ಗಾಡಿಗಳದು ಇಂಚಿನ ಲೆಕ್ಕ. ಬೆರೆಸಿದರೆ ಹಲ್ಲು ಹೋದಂತೆಯೇ. ಅಂಗಡಿಗೆ ಹಳೆಯ ಮಾದರಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರಿ.

ತೂತಿನ ಅಂಚಿಗೆ ಪ್ರೈಮರ್ ಹಚ್ಚಿ ಒಣಗಲು ಬಿಡಬೇಕು. ಕೂರಿಸುವಾಗ ವಾಷರಿನ ಅಡಿಗೆ ಸೀಲರ್ ಹಾಕಬೇಕು. ಇದಕ್ಕೆ ಅರ್ಧ ದಿನ ಹಿಡಿಯುತ್ತದೆ. ಆ ಅರ್ಧ ದಿನವನ್ನು ಮಾಲಿಕರು ಕೊಡುವುದಿಲ್ಲ, ಜಗಳವಿರುವುದೇ ಅಲ್ಲಿ. ಕಳೆದ ಮಳೆಗಾಲದಲ್ಲಿ ಒಂದು ಗ್ಯಾರೇಜಿನಲ್ಲಿ ಪಟ್ಟಿ ಕಳಚಿ ಬಣ್ಣ ಉಬ್ಬಿತೆಂದು ನಮ್ಮ ಹುಡುಗನೊಬ್ಬನ ಪಗಾರ ಕಡಿದರು. ಸ್ಟೇನ್‌ಲೆಸ್ ಪಟ್ಟಿಗೆ ಕಬ್ಬಿಣದ ಸ್ಕ್ರೂ ತಂದುಕೊಟ್ಟವರು ಮಾಲಿಕರು, ಗಿರಾಕಿ ಬರುತ್ತಾನೆ ಬೇಗ ಮುಗಿಸು ಎಂದವರೂ ಅವರೇ.

ಆದುದರಿಂದ ಗ್ಯಾರೇಜಿನ ಸೋದರರಲ್ಲಿ ನಮ್ಮ ಕೋರಿಕೆ ಇಷ್ಟು. ಕೆಲಸದ ಚೀಟಿಯಲ್ಲಿ ಪಟ್ಟಿ ಯಾವ ಲೋಹದ್ದು, ಸ್ಕ್ರೂ ಯಾವುದು, ಕೊಟ್ಟವರಾರು ಎಂದು ಬರೆದಿಡಿರಿ. ಬೇರೆ ಸ್ಕ್ರೂ ಬೇಕೆಂದು ಕೇಳಿದ್ದರೆ ಅದನ್ನೂ ತಾರೀಖು ಸಹಿತ ಬರೆಯಿರಿ. ಬರೆಯಲು ಬಾರದವರು ಸಂಘಕ್ಕೆ ಬನ್ನಿರಿ, ನಾವು ಬರೆದುಕೊಡುತ್ತೇವೆ. ಕಿತ್ತುಹೋದ ಸ್ಕ್ರೂವನ್ನು ಎಸೆಯಬೇಡಿರಿ; ಪಗಾರ ಕಡಿಯುವ ಮಾತು ಬಂದರೆ ಅದನ್ನೇ ಮೇಜಿನ ಮೇಲಿಟ್ಟು ಮಾತನಾಡೋಣ.